ಮೈಕಮ್ಮನ ಸೌಂಡ್ ಕಾರ್ಡು

ಆ ಮನೆಯಲ್ಲಿ ಉಪ್ಪು ಬೇಕಾದರೂ ಕೂಗಿ ಕೇಳಬೇಕು. ಕೆಳಗೆ ಟ್ರಂಕಿನ ಅಂಗಡಿ, ಮೇಲೆ ಮನೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ತಗಡಿನ ಮೇಲೆ ಸುತ್ತಿಗೆ ಬೀಳಲು ಶುರುವಾದರೆ, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ನಿಂತು, ಮತ್ತೆ ಕತ್ತಲಾಗುವವರೆಗೂ ಬಿಡುವಿಲ್ಲ. ಆದರೆ ಅಂಗಡಿ ಮುಚ್ಚಿದ ಮೇಲೂ ಮನೆಯವರ ದನಿ ಇಳಿಯುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ತಗಡು ಬಡಿದೂ ಬಡಿದೂ ಮನೆಯ ಯಜಮಾನನ ಕಿವಿ ಮಂದವಾಗಿತ್ತು. ಯಾರಾದರೂ ಮೆಲ್ಲಗೆ ಮಾತಾಡಿದರೆ, "ಬಾಯಲ್ಲಿ ಏನಿಟ್ಕೊಂಡಿದ್ದೀಯ? ಬಿಡಿಸಿ ಹೇಳೋಕೆ ಏನು ರೋಗ?" ಎಂದು ಅವರ ಮೇಲೇ ಎಗರಿ ಬೀಳುತ್ತಿದ್ದ. ಹಾಗಾಗಿ ಹೆಂಡತಿ ಕೂಗುತ್ತಿದ್ದಳು, ಕಾಲೇಜಿಗೆ ಹೋಗುವ ಮಗಳು ಕೂಗುತ್ತಿದ್ದಳು, ಅವನ ತಂಗಿಯಂತೂ ಕೂಗುವುದರಲ್ಲಿ ಎಲ್ಲರನ್ನೂ ಮೀರಿಸಿದ್ದಳು.

ತಂಗಿಯ ಹೆಸರು ಏನೇ ಇರಲಿ, ಊರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮೈಕಮ್ಮ ಎಂದು. ಬಸ್ ನಿಲ್ದಾಣದ ಮೂಲೆಯಲ್ಲಿದ್ದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಪ್ರಾಯದಲ್ಲಿ ಸೇರಿದವಳು ತಲೆ ನೆರೆಯುವವರೆಗೂ ಅದನ್ನೇ ಮಾಡಿದಳು. ಒಂದು ದಿನ ಅಲ್ಲಿಗೆ ಒಂದು ಯಂತ್ರ ಬಂತು. ಅದಕ್ಕೆ ಕೆಮ್ಮಿಲ್ಲ, ನೆಗಡಿಯಿಲ್ಲ, ರಜೆ ಬೇಡ. ಮೈಕಮ್ಮ ತನ್ನ ಕುರ್ಚಿಯ ದಿಂಬನ್ನು ಎತ್ತಿಕೊಂಡು ಮನೆಗೆ ಬಂದಳು.

"ನಾನಿಲ್ವಾ? ಗಲ್ಲಾದ ಮುಂದೆ ಬಂದು ಕೂತ್ಕೋ. ಗಿರಾಕಿಗಳನ್ನ ಕರೆಯೋಕೆ ನಿನ್ನ ಗಂಟಲು ಸಾಕು," ಎಂದ ಅಣ್ಣ.

ಅವನು ಪ್ರೀತಿಯಿಂದಲೇ ಹೇಳಿದ್ದ. ಆದರೂ ಮೈಕಮ್ಮನಿಗೆ ಅಳು ಬಂತು. ಓದುವುದು ಅವಳ ಉಸಿರು. ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಅವಳು ಓದದ ಪುಸ್ತಕವಿರಲಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಒಂದು ಸಂಸ್ಥೆ ಇದೆ, ಮನೆಯಲ್ಲೇ ಕೂತು ಓದಿ ಕಳಿಸಬಹುದು, ಸಂಬಳವೂ ಉಂಟು ಎಂದು ಅಣ್ಣನ ಮಗಳು ಚೂಟಿ ಹುಡುಕಿಕೊಟ್ಟಾಗ ಮೈಕಮ್ಮ ಅವಳನ್ನು ಅಪ್ಪಿಕೊಂಡು ಗಿರ್ರನೆ ತಿರುಗಿಸಿದಳು. ಚೂಟಿಯ ಕಂಪ್ಯೂಟರಿಗೆ ಒಂದು ಮೈಕು ಸಿಕ್ಕಿಸಿ, ಊಟದ ಹೊತ್ತಿನಲ್ಲಿ ಸುತ್ತಿಗೆ ನಿಂತಾಗ ಒಂದು ಅಧ್ಯಾಯ ಓದಿ ಕಳಿಸಿದಳು.

ಸಂಸ್ಥೆಯ ಸಂಪಾದಕಿ ಫೋನ್ ಮಾಡಿದಳು.

"ನಿಮ್ಮ ಹಿಂದೆ ಯಾರಾದ್ರೂ ಹಿಟ್ಟಿನ ಗಿರಣಿ ನಡೆಸ್ತಿದ್ದಾರಾ?"

"ಇಲ್ಲಮ್ಮ. ಟ್ರಂಕಿನ ಅಂಗಡಿ. ಅದೂ ಆಗ ಮುಚ್ಚಿತ್ತು."

"ಮತ್ತೆ ಉದ್ದಕ್ಕೂ ಜುಂಯ್ ಅಂತ ಬರ್ತಿದೆಯಲ್ಲ! ಇದನ್ನ ಯಾರೂ ಕೇಳೋಕಾಗಲ್ಲ. ಈ ತಿಂಗಳು ಮುಗಿಯೋದ್ರೊಳಗೆ ಸರಿಯಾಗಿ ಮಾಡಿ ಕಳಿಸಿ. ಆಮೇಲೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಚೂಟಿ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿ ಒಳಗೆ ಟಾರ್ಚು ಹಿಡಿದು ನೋಡಿ, ಹುಟ್ಟಿನಿಂದಲೇ ಬಂದ ರೋಗ ಇದು ಎಂದು ತೀರ್ಪು ಕೊಟ್ಟಳು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಸದ್ದಿನ ವ್ಯವಸ್ಥೆ ತೀರಾ ಅಗ್ಗದ್ದು, ಒಳಗಿನ ಫ್ಯಾನಿನ ಸದ್ದನ್ನೂ ಕರೆಂಟಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಬೇರೆ ಸೌಂಡ್ ಕಾರ್ಡು ಹಾಕಬೇಕು. ಹಾಕಲು ಒಳಗೆ ಖಾಲಿ ಇರುವುದು ಒಂದೇ ಜಾಗ.

ವಿಷಯ ಊಟದ ಮೇಜಿಗೆ ಬಂತು.

"ಒಂದೇ ಜಾಗ ಅಂದ್ರೆ ಸರೌಂಡ್ ಕಾರ್ಡೇ ಹಾಕೋಣ ಅಪ್ಪಾ! ಸಿನಿಮಾ ನೋಡಿದ್ರೆ ಮಳೆ ನಮ್ಮ ತಲೆ ಮೇಲೇ ಸುರಿದ ಹಾಗಿರುತ್ತೆ!" ಚೂಟಿ ಕೂಗಿದಳು.

"ಇರೋ ಗದ್ದಲ ಸಾಲದಾ? ದುಡ್ಡು ಕೊಟ್ಟು ಬೇರೆ ತರ್ಬೇಕಾ?" ಅತ್ತಿಗೆ ಬಟಾಣಿ ಪಲ್ಯ ಬಡಿಸುತ್ತಾ ಕೂಗಿದಳು.

"ನನಗೆ ಓದೋಕೆ ಬೇಕಿರೋದು ಅತ್ತಿಗೆ! ಸಿನಿಮಾಕ್ಕಲ್ಲ!"

"ಓದೋಕೆ ಕನ್ನಡಕ ಬೇಕು, ಕಾರ್ಡು ಯಾಕೆ?" ಎಂದ ಅಣ್ಣ. ಅರ್ಧ ಕೇಳಿಸಿರಲಿಲ್ಲ. ಚೂಟಿ ಎಲ್ಲವನ್ನೂ ಮೊದಲಿನಿಂದ ಕೂಗಿ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದ.

"ನಾನೇ ಕೊಡಿಸ್ತೀನಿ. ಅಂಗಡಿಯಲ್ಲಿ ಇರೋದ್ರಲ್ಲೇ ಭೇಷಾದದ್ದು. ಆದ್ರೆ ಒಂದು ಮಾತು. ಇದೂ ಆಗ್ಲಿಲ್ಲ ಅಂದ್ರೆ ಮುಂದಿನ ತಿಂಗಳಿಂದ ಗಲ್ಲಾದಲ್ಲಿ ಕೂರ್ಬೇಕು. ಆಮೇಲೆ ಅಳು ಗಿಳು ನಡೆಯಲ್ಲ."

"ಆಗ್ಲಿ," ಎಂದಳು ಮೈಕಮ್ಮ. ಮಾತು ಕೊಟ್ಟು, ಅರ್ಧ ತಿಂದ ತಟ್ಟೆ ಎತ್ತಿಕೊಂಡು ಎದ್ದಳು.

ಅಂಗಡಿಗೆ ರಜೆ ಇದ್ದ ದಿನ ನಾಲ್ವರೂ ಹೊರಟರು. ಒಂದು ಸೌಂಡ್ ಕಾರ್ಡು ಕೊಳ್ಳಲು ಇಡೀ ಸಂಸಾರ ಬಂದದ್ದನ್ನು ನೋಡಿ ಕಂಪ್ಯೂಟರ್ ಅಂಗಡಿಯವನಿಗೆ ಖುಷಿಯೋ ಖುಷಿ. ಒಂದಾದ ಮೇಲೆ ಒಂದು ಕಾರ್ಡು ಸಿಕ್ಕಿಸಿ ಎಲ್ಲಕ್ಕೂ ಒಂದೇ ಹಾಡು ಹಾಕಿ ಕೇಳಿಸಿದ. ಅಣ್ಣ ಸ್ಪೀಕರಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, ತಗಡು ಪರೀಕ್ಷೆ ಮಾಡುವವನ ಗಾಂಭೀರ್ಯದಲ್ಲಿ ತಲೆ ಅಲ್ಲಾಡಿಸುತ್ತಾ ಹೋದ.

"ಇದು ಸತ್ತ ಹಾಗಿದೆ. ಇದೂ ಬೇಡ. ಇನ್ನೊಂದು ಹಾಕಿ."

ಐದನೆಯದೋ ಆರನೆಯದೋ ಹಾಕಿದಾಗ ಗಾಜಿನ ಕಪಾಟು ಗಡಗಡ ಎಂದಿತು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಕಾರ್ಡಿನ ಮೇಲೆ ಕೆಂಪು ದೀಪ ಬೇರೆ. ಅದರಲ್ಲಿ ಹೆಡ್‌ಫೋನಿಗೂ ಸದ್ದು ಹೆಚ್ಚಿಸುವ ವ್ಯವಸ್ಥೆ ಇದೆ ಎಂದು ಅಂಗಡಿಯವನು ಹೇಳಿದ. ಅಣ್ಣನ ಮುಖ ಅರಳಿತು.

"ಇದು ಕಾರ್ಡು ಅಂದ್ರೆ! ಹೇಗಿದೆ?"

"ಭರ್ಜರಿಯಾಗಿದೆ!" ಎಂದಳು ಚೂಟಿ.

"ಚೆನ್ನಾಗೇ ಕೇಳಿಸ್ತಿದೆ," ಎಂದಳು ಅತ್ತಿಗೆ.

ಮೈಕಮ್ಮನೂ ತಲೆಯಾಡಿಸಿದಳು. ಜೋರಾಗಿದ್ದದ್ದೇ ಒಳ್ಳೆಯದು ಎಂಬುದು ಆ ಮನೆಯವರ ಲೆಕ್ಕ. ಟೀ ಲೋಟವನ್ನು ಕೊಳ್ಳುವಾಗಲೂ ಬೆರಳಲ್ಲಿ ಬಡಿದು ನೋಡಿ ಖಣಖಣ ಎಂದದ್ದನ್ನೇ ಆರಿಸುವ ಜನ ಅವರು. ಮೈಕು ಸಿಕ್ಕಿಸಿ, ನಾಲ್ಕು ಮಾತು ಮುದ್ರಿಸಿ ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಮೈಕಮ್ಮ ಓದಿ, ಮುದ್ರಿಸಿ, ಕೇಳಿದಳು. ಜುಂಯ್ ಎನ್ನುತ್ತಿದ್ದದ್ದು ಈಗ ಝೂಂ ಎನ್ನುತ್ತಿತ್ತು. ಕಾರ್ಡು ಎಲ್ಲವನ್ನೂ ಹಿಗ್ಗಿಸುತ್ತಿತ್ತು, ಅವಳ ದನಿಯನ್ನೂ, ಫ್ಯಾನನ್ನೂ, ಪಕ್ಕದ ಕೋಣೆಯಲ್ಲಿ ಅತ್ತಿಗೆ ಪಾತ್ರೆ ಇಟ್ಟದ್ದನ್ನೂ. ಚೂಟಿ ಏನೇನೋ ಒತ್ತಿದಳು, ತಂತಿ ಬದಲಿಸಿದಳು, ಮೈಕಿಗೆ ಕಾಲುಚೀಲ ತೊಡಿಸಿದಳು. ವಾರವಿಡೀ ಒದ್ದಾಡಿದರೂ ಸದ್ದು ಜಪ್ಪಯ್ಯ ಎನ್ನಲಿಲ್ಲ.

"ಅತ್ತೆ, ನಾವು ತಪ್ಪು ಕಾರ್ಡು ತಂದಿದ್ದೀವಿ. ಇದು ಕೇಳೋರಿಗೆ ಮಾಡಿರೋದು, ಮಾತಾಡೋರಿಗಲ್ಲ. ಬದಲಾಯಿಸ್ಕೊಳ್ಳೋಕೆ ಇನ್ನೂ ಸ್ವಲ್ಪ ದಿನ ಇದೆ."

ಅದು ಅಷ್ಟು ಸಲೀಸಾಗಿರಲಿಲ್ಲ. ಆ ವಾರದಲ್ಲೇ ಇನ್ನೊಂದು ಸಂಗತಿ ನಡೆದುಹೋಗಿತ್ತು. ಹೆಡ್‌ಫೋನ್ ಹೇಗಿದೆ ನೋಡೋಣ ಎಂದು ಒಂದು ಸಂಜೆ ಅಣ್ಣ ಅದನ್ನು ತಲೆಗೆ ಹಾಕಿಕೊಂಡಿದ್ದ. ಚೂಟಿ ಅವನ ಕಾಲದ ಒಂದು ಹಾಡು ಹಾಕಿ ಸದ್ದನ್ನು ಪೂರ್ತಿ ಏರಿಸಿದಳು. ಅವನು ಕುರ್ಚಿಯಲ್ಲಿ ನೆಟ್ಟಗಾದ.

"ಹಿಂದೆ ಪಿಟೀಲು ಇದೆ ಕಣೇ!" ಎಂದು ಹೆಂಡತಿಗೆ ಕೂಗಿ ಹೇಳಿದ. "ಈ ಹಾಡಲ್ಲಿ ಪಿಟೀಲಿದೆ!"

"ಮೊದಲಿಂದ್ಲೂ ಇದೆ ರೀ," ಎಂದಳು ಅತ್ತಿಗೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

ಅಂದಿನಿಂದ ಕೈಕಾಲು ತೊಳೆದ ಕೂಡಲೇ ಅವನು ಕಂಪ್ಯೂಟರಿನ ಮುಂದೆ. ಊಟಕ್ಕೆ ಹತ್ತು ಸಲ ಕರೆಯಬೇಕು. ಕೆಲಸದವರ ಮೇಲೆ ರೇಗುವುದೂ ಕಡಿಮೆಯಾಗಿತ್ತು. ಮೈಕಮ್ಮ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ ಹಾಡುತ್ತಿದ್ದ ಅಣ್ಣನನ್ನು ನೋಡಿ ಹೇಳಲಾರದೆ ಹಿಂದಿರುಗುತ್ತಿದ್ದಳು. ಅವನ ಸುಖ ಕಿತ್ತುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಗಲ್ಲಾದಲ್ಲಿ ಕೂರಲೂ ಮನಸ್ಸಿರಲಿಲ್ಲ.

"ಹೇಳಿಬಿಡು," ಎಂದಳು ಚೂಟಿ.

"ಸುಮ್ನಿರು," ಎಂದಳು ಅತ್ತಿಗೆ. "ಎಷ್ಟು ವರ್ಷದ ಮೇಲೆ ಆ ಮನುಷ್ಯ ನಗ್ತಿದ್ದಾರೆ."

ಮೈಕಮ್ಮ ಬಟ್ಟೆ ಒಣಹಾಕಿದಳು, ಬಕೆಟ್ ಕವುಚಿ ಇಟ್ಟಳು, ಒಳಗೆ ಹೋಗಿ ಅಣ್ಣನ ತಲೆಯಿಂದ ಹೆಡ್‌ಫೋನ್ ತೆಗೆದಳು.

"ಅಣ್ಣಾ, ಈ ಕಾರ್ಡು ವಾಪಸ್ ಕೊಡ್ಬೇಕು!"

"ಏನಂದೆ?"

"ವಾಪಸ್ ಕೊಡ್ಬೇಕು! ನನ್ನ ಓದಿನ ಹಿಂದೆ ಸದ್ದು ಬರ್ತಿದೆ!"

"ಅಷ್ಟು ಭೇಷಾದದ್ದು ಕೊಡಿಸಿದ್ರೂ ನಿನಗೆ ಹಿಡಿಸ್ಲಿಲ್ವಾ? ಎಲ್ಲಿದೆ ಸದ್ದು, ಕೇಳಿಸು."

ಅವಳು ತನ್ನ ಓದನ್ನು ಹಾಕಿದಳು. ಅಣ್ಣ ಹೆಡ್‌ಫೋನ್ ಒತ್ತಿ ಹಿಡಿದು, ಹುಬ್ಬು ಗಂಟಿಕ್ಕಿ ಕೇಳಿದ. ಪುಟ ಮುಗಿಯುವವರೆಗೂ ಕೇಳಿದ.

"ಎಲ್ಲಿದೆ? ಸ್ಫಟಿಕದ ಹಾಗಿದೆ. ಇಲ್ಲದ ಸದ್ದು ಹುಡುಕ್ಕೊಂಡು ಕೂತಿದ್ದೀಯ."

"ಇದೆ ಅಣ್ಣಾ."

"ಇಲ್ಲ ಅಂದ್ನಲ್ಲ!"

"ಇದೆ! ಎಲ್ರಿಗೂ ಕೇಳುತ್ತೆ! ನಿನಗೆ ಕೇಳಲ್ಲ. ನಿನಗೆ ಕಿವಿ ಕೇಳಲ್ಲ ಅಣ್ಣಾ!"

ಅತ್ತಿಗೆಯ ಕೈಯಿಂದ ಸೌಟು ಜಾರಿತು. ಆ ಮಾತು ಮಾತ್ರ ಅಣ್ಣನಿಗೆ ಒಂದೇ ಸಲಕ್ಕೆ ಕೇಳಿಸಿತ್ತು. ಅವನು ಹೆಡ್‌ಫೋನಿನ ತಂತಿಯನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟ.

"ತಗೊಂಡು ಹೋಗು," ಎಂದು ಕೆಳಗಿಳಿದು ಹೋದ.

ಅಂದಿನಿಂದ ಅವನ ತಟ್ಟೆ ಅಂಗಡಿಗೇ ಹೋಗತೊಡಗಿತು. ಅತ್ತಿಗೆ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿ ಬಂದು ಮೈಕಮ್ಮನ ಮುಂದೆ ಕೂತಳು.

"ಇಷ್ಟು ವರ್ಷ ನಾನು ನಾಲಿಗೆ ಕಚ್ಕೊಂಡು ಇದ್ದೆ. ನೀನು ಒಂದೇ ಏಟಿಗೆ ಹೇಳ್ಬಿಟ್ಟೆ."

"ತಪ್ಪಾಯ್ತಾ ಅತ್ತಿಗೆ?"

"ತಪ್ಪೋ ಸರಿಯೋ, ನಾಳೆಯಿಂದ ತಟ್ಟೆ ನೀನು ತಗೊಂಡು ಹೋಗು. ನನ್ನ ಮೊಣಕಾಲು ಬಿದ್ದು ಹೋಗಿದೆ."

ಮೈಕಮ್ಮ ತಟ್ಟೆ ಒಯ್ದಳು. ಅಣ್ಣ ತಲೆಯೆತ್ತಲಿಲ್ಲ. ಅವಳೂ ಕ್ಷಮೆ ಕೇಳಲಿಲ್ಲ. ತಟ್ಟೆ ಇಟ್ಟು, ಕಾರ್ಡಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಚೂಟಿಯ ಜೊತೆ ಹೊರಟಳು.

ಅಂಗಡಿಯವನು ಮತ್ತೆ ಹಾಡು ಹಾಕಲು ಹೋದ.

"ಹಾಡು ಬೇಡ. ಮೈಕು ಸಿಕ್ಕಿಸಿ," ಎಂದಳು ಮೈಕಮ್ಮ.

"ಸರಿ, ಏನಾದ್ರೂ ಮಾತಾಡಿ."

"ಏನೂ ಮಾತಾಡಲ್ಲ. ಸುಮ್ನೆ ಇರೋದನ್ನ ಮುದ್ರಿಸಿ. ಆಮೇಲೆ ಕೇಳಿಸಿ."

ಅವನು ಚೂಟಿಯ ಕಡೆ ನೋಡಿದ. ಚೂಟಿ, "ಅವರು ಹೇಳಿದ ಹಾಗೆ ಮಾಡಿ," ಎಂದಳು. ಪ್ರತಿ ಕಾರ್ಡಿಗೂ ಮೂವರೂ ತುಟಿ ಹೊಲಿದುಕೊಂಡು ನಿಲ್ಲಬೇಕು, ಆಮೇಲೆ ಆ ಮೌನವನ್ನು ಕೇಳಬೇಕು. ಒಂದರ ಮೌನದಲ್ಲಿ ಸೊಳ್ಳೆ ಇತ್ತು, ಇನ್ನೊಂದರಲ್ಲಿ ಸ್ಟೌ ಉರಿಯುತ್ತಿತ್ತು. ನಡುವೆ ಬಂದ ಒಬ್ಬ ಗಿರಾಕಿ ಇವರು ನಿಂತ ಭಂಗಿ ನೋಡಿ, ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ತಾನೂ ಟೋಪಿ ತೆಗೆದು ನಿಂತ. ಕೊನೆಗೆ ಒಂದು ಸಾದಾ ಕಾರ್ಡು, ದೀಪವಿಲ್ಲ, ಥಳಕಿಲ್ಲ, ಪೆಟ್ಟಿಗೆಯ ಮೂಲೆ ಬೇರೆ ನಜ್ಜುಗುಜ್ಜಾಗಿತ್ತು. ಅದು ಏನನ್ನೂ ಕೇಳಿಸಲಿಲ್ಲ. ಮೈಕಮ್ಮ ಹೆಡ್‌ಫೋನ್ ತೆಗೆದು, "ಇದೇ," ಎಂದಳು.

"ಅಮ್ಮಾ, ಇದರಲ್ಲಿ ಸದ್ದು ಅಷ್ಟು ಜೋರಾಗಿ ಬರಲ್ಲ. ಆಮೇಲೆ ಮತ್ತೆ ಬದಲಾಯಿಸಿ ಕೊಡೋಕಾಗಲ್ಲ."

"ಗೊತ್ತು. ಕಟ್ಟಿಕೊಡಿ."

ಮರುದಿನ ಮಧ್ಯಾಹ್ನ ಅಧ್ಯಾಯವನ್ನು ಓದಿ ಕಳಿಸಿದಳು. ಹಿಂದೆ ಜುಂಯ್ ಇಲ್ಲ, ಝೂಂ ಇಲ್ಲ. ಈ ಸಲ ಗೆದ್ದೆ ಎಂದೇ ಅವಳು ಅಂದುಕೊಂಡಿದ್ದಳು. ಸಂಪಾದಕಿಯ ಫೋನ್ ಬಂದಾಗ ಹಿಟ್ಟು ಮೆತ್ತಿದ ಕೈಯಲ್ಲೇ ಎತ್ತಿದಳು.

"ಸದ್ದು ಹೋಗಿದೆ, ತುಂಬಾ ಶುದ್ಧವಾಗಿದೆ. ಉಚ್ಚಾರಣೆಗೂ ಎರಡು ಮಾತಿಲ್ಲ. ಆದ್ರೆ ನೀವು ಯಾರ ಮೇಲೆ ರೇಗ್ತಿದ್ದೀರಿ?"

"ನಾನಾ? ಯಾರ ಮೇಲೂ ಇಲ್ವಲ್ಲ."

"ಅಲ್ಲಿ ಒಬ್ಬ ತಾಯಿ ಮಗೂನ ಮಲಗಿಸ್ತಿದ್ದಾಳೆ ಅಲ್ವಾ? ನೀವು ಓದೋದನ್ನ ಕೇಳಿದ್ರೆ ಆ ಮಗು ಎದ್ದು ಬಸ್ಸು ಹತ್ತೋಕೆ ಓಡುತ್ತೆ. ಮೊದಲು ಆ ಗದ್ದಲದಲ್ಲಿ ನನಗೂ ತಿಳೀಲಿಲ್ಲ. ತಿಂಗಳ ಕೊನೆವರೆಗೂ ಕಾಯ್ತೀನಿ. ಮೆಲ್ಲಗೆ ಓದೋಕಾದ್ರೆ ಕಳಿಸಿ."

ಮೈಕಮ್ಮ ಕಂಪ್ಯೂಟರಿನ ಮುಂದೆ ಕೂತು ತನ್ನ ದನಿಯನ್ನು ತಾನೇ ಕೇಳಿದಳು. ಹೊಸ ಕಾರ್ಡು ಎಳ್ಳಷ್ಟೂ ಮುಚ್ಚಿಡದೆ ಎಲ್ಲವನ್ನೂ ತೋರಿಸುತ್ತಿತ್ತು. "ಮಲಗು ಕಂದ" ಎಂಬಲ್ಲಿ ಅವಳಿಗೆ ಬಸ್ ನಿಲ್ದಾಣ ಕೇಳಿಸಿತು, ಅಡುಗೆಮನೆಯಿಂದ ಅಣ್ಣನನ್ನು ಊಟಕ್ಕೆ ಕರೆಯುವುದು ಕೇಳಿಸಿತು. ಮತ್ತೆ ಓದಿದಳು. ಮೊದಲ ಸಾಲು ಮೆಲ್ಲಗಿರುತ್ತಿತ್ತು, ಮೂರನೆಯ ಸಾಲಿಗೆ ದನಿ ತಾನಾಗಿಯೇ ಮೇಲೇರುತ್ತಿತ್ತು. ಪಿಸುಗುಟ್ಟಲು ಹೋದರೆ ಕೆಮ್ಮು. ಮೂರು ಮಧ್ಯಾಹ್ನ ಹೀಗೇ ಹೋದವು.

"ಒಂದು ಗಂಟೆ ಮೆಲ್ಲಗೆ ಓದಿ, ಉಳಿದ ದಿನವೆಲ್ಲ ಗಂಟಲು ಹರ್ಕೊಂಡ್ರೆ ಹೇಗಾಗುತ್ತೆ ಅತ್ತೆ?" ಎಂದಳು ಚೂಟಿ.

ಮೈಕಮ್ಮ ಪುಸ್ತಕ ಮುಚ್ಚಿದಳು. "ಸರಿ. ಇನ್ನು ಈ ಮನೇಲಿ ನಾನು ಕೂಗಲ್ಲ."

"ಅಪ್ಪನ ಜೊತೆ?"

"ಯಾರ ಜೊತೆಗೂ."

ಹಠ ಹಿಡಿದವಳು ಹಿಡಿದೇಬಿಟ್ಟಳು. ತರಕಾರಿಯವಳ ಜೊತೆ ಚೌಕಾಸಿಯೂ ಮೆಲ್ಲಗೆ. ತರಕಾರಿಯವಳು ಇವಳಿಗೆ ಹುಷಾರಿಲ್ಲ ಎಂದು ಎರಡು ನಿಂಬೆಹಣ್ಣು ಸುಮ್ಮನೆ ಕೊಟ್ಟಳು. ಹಾಲು ಉಕ್ಕುತ್ತಿದೆ ಎಂದು ಮೆಲ್ಲಗೆ ಹೇಳುವಷ್ಟರಲ್ಲಿ ಅದು ಸ್ಟೌ ತುಂಬಾ ಹರಿದಿತ್ತು, ಅತ್ತಿಗೆಯಿಂದ ಬೈಸಿಕೊಂಡಳು, ಅದಕ್ಕೂ ಮೆಲ್ಲಗೆ ಉತ್ತರ ಕೊಟ್ಟಳು. ಅಂಗಡಿಗೆ ತಟ್ಟೆ ಒಯ್ದಾಗ, "ಅಣ್ಣ, ಊಟ," ಎಂದಳು. ಅವನು ತಗಡು ಬಡಿಯುತ್ತಲೇ ಇದ್ದ. ಅವಳು ಎದುರಿಗೆ ಹೋಗಿ ನಿಂತು, ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿದಳು.

"ಬಾಯಿ ಮಾತ್ರ ಆಡಿಸ್ತಿದ್ದೀಯ. ನನ್ನ ಅಣಕಿಸ್ತಿದ್ದೀಯಾ?"

ಅವಳು ಇಲ್ಲ ಎಂದು ತಲೆಯಾಡಿಸಿದಳು. ಅಣ್ಣನ ಕಣ್ಣಲ್ಲಿ ಕೋಪಕ್ಕಿಂತ ನೋವು ಹೆಚ್ಚಿತ್ತು. ಕೂಗಿ ಒಂದು ಮಾತು ಸಮಾಧಾನ ಹೇಳಿಬಿಡೋಣ ಎಂದು ಗಂಟಲವರೆಗೂ ಬಂತು. ನುಂಗಿಕೊಂಡಳು. ಮೆಟ್ಟಿಲ ತಿರುವಿನಲ್ಲಿ ಕೂತು ಅತ್ತಳು, ಅದನ್ನೂ ಸದ್ದಿಲ್ಲದೆ.

ರಾತ್ರಿ ಊಟಕ್ಕೆ ಅಣ್ಣ ಮೇಲೆ ಬಂದ. ತಂಗಿ ಏಕೆ ಹೀಗಾಡುತ್ತಾಳೆ ಎಂದು ತಿಳಿಯಲೇಬೇಕಿತ್ತು ಅವನಿಗೆ. "ಏನಂತೆ ಇವಳಿಗೆ?" ಎಂದು ಹೆಂಡತಿಯನ್ನು ಕೇಳಿದ. ಅತ್ತಿಗೆ ಸಂಪಾದಕಿ ಹೇಳಿದ್ದನ್ನು, ಮಗುವನ್ನು, ಬಸ್ಸನ್ನು ಎಲ್ಲ ಕೂಗಿ ಹೇಳಿದಳು. ಅವನು ನಗಲಿಲ್ಲ. ತಟ್ಟೆ ನೋಡುತ್ತಾ ಕೂತ.

"ಅಂದ್ರೆ ನನ್ನಿಂದಾಗಿ ಇವಳ ದನಿ ಹಾಳಾಯ್ತು ಅಂತಾನಾ?"

"ಹಾಗಲ್ಲ ಅಣ್ಣ," ಎಂದಳು ಮೈಕಮ್ಮ ಮೆಲ್ಲಗೆ. ಅತ್ತಿಗೆ ಅದನ್ನೂ ಕೂಗಿ ದಾಟಿಸಿದಳು.

ತಿಂಗಳು ಮುಗಿಯುತ್ತಾ ಬಂದಿತ್ತು. ಆ ಮಧ್ಯಾಹ್ನ ಮೈಕಮ್ಮ ನೀರು ಕುಡಿದು, ಕಿಟಕಿ ಮುಚ್ಚಿ ಓದಲು ಕೂತಳು. ದನಿ ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ಮಗು ಮಲಗುವ ಜಾಗಕ್ಕೆ ಬಂದಾಗ ಎದುರಿಗೆ ಮಗುವೇ ಇದ್ದಂತೆ ಅವಳಿಗೆ ಅನ್ನಿಸಿತು. ಎರಡು ಕಡೆ ತಪ್ಪಿದಳು, ತಿದ್ದಿ ಓದಿದಳು. ಮುಗಿಸಿ ಎದ್ದಾಗ ಬಿಸಿಲು ಗೋಡೆಯಿಂದ ಇಳಿದುಹೋಗಿತ್ತು. ಊಟದ ಹೊತ್ತು ಯಾವಾಗಲೋ ಕಳೆದಿತ್ತು, ಆದರೂ ಕೆಳಗಿನಿಂದ ಒಂದು ಸುತ್ತಿಗೆಯ ಸದ್ದೂ ಬಂದಿರಲಿಲ್ಲ.

"ಅಂಗಡಿ ಮುಚ್ಚಿದೆಯಾ ಅತ್ತಿಗೆ?"

"ತೆಗೆದೇ ಇದೆ. ಅವಳು ಮುಗಿಸೋವರೆಗೆ ಯಾರೂ ಸುತ್ತಿಗೆ ಮುಟ್ಟಬೇಡಿ ಅಂದ್ರಂತೆ ನಿಮ್ಮಣ್ಣ. ಎಲ್ರೂ ಬೀಗಕ್ಕೆ ಎಣ್ಣೆ ಹಚ್ತಾ ಕೂತಿದ್ದಾರೆ."

ಮೈಕಮ್ಮ ಕೆಳಗೆ ಹೋಗಲಿಲ್ಲ. ಹೋದರೆ ಅಳುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಎರಡು ದಿನದ ಮೇಲೆ, ರಾತ್ರಿ ಊಟಕ್ಕೆ ಎಲ್ಲರೂ ಕೂರುವ ಹೊತ್ತಿಗೆ ಫೋನ್ ಬಂತು. ಮೈಕಮ್ಮ ಮೂಲೆಗೆ ಹೋಗಿ ಮಾತಾಡಿ ಬಂದಳು. ಅತ್ತಿಗೆ ಬಟ್ಟಲು ಹಿಡಿದು ನಿಂತಿದ್ದಳು. ಚೂಟಿಗೆ ಅತ್ತೆಯ ಮುಖ ನೋಡಿಯೇ ತಿಳಿದು, ಕುರ್ಚಿಯಿಂದ ಅರ್ಧ ಎದ್ದಿದ್ದಳು. ಮೇಜಿನ ಆ ತುದಿಯಲ್ಲಿ ಅಣ್ಣ ರೊಟ್ಟಿ ಮುರಿಯುತ್ತಿದ್ದ.

"ಅಣ್ಣ, ನನಗೆ ಕೆಲಸ ಸಿಕ್ತು," ಎಂದಳು ಮೈಕಮ್ಮ.

"ಏನು?"

ಅತ್ತಿಗೆ ಕೂಗಲು ಬಾಯಿ ತೆರೆದಳು. ಮೈಕಮ್ಮ ಅವಳ ಮಣಿಕಟ್ಟು ಹಿಡಿದು ತಡೆದಳು. "ಇದನ್ನ ನಾನೇ ಹೇಳ್ತೀನಿ ಅತ್ತಿಗೆ."

"ಏನಂತ ಕೇಳ್ದೆ!"

"ನನಗೆ ಕೆಲಸ ಸಿಕ್ತು," ಎಂದಳು, ಮೊದಲಿನಷ್ಟೇ ಮೆಲ್ಲಗೆ.

ಅಣ್ಣ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಈಗ ಎದ್ದು ಕೆಳಗೆ ಹೋಗಿಬಿಡುತ್ತಾನೆ ಎಂದು ಚೂಟಿ ಹೆದರಿದಳು. ಅವನು ಎದ್ದದ್ದೂ ನಿಜ. ಎದ್ದವನು ಸ್ಟೂಲನ್ನು ಕಾಲಿನಿಂದ ತಳ್ಳುತ್ತಾ ಮೇಜು ಸುತ್ತಿ ಬಂದು, ತಂಗಿಯ ಪಕ್ಕದಲ್ಲಿ ಕೂತು, ಅವಳ ಬಾಯಿಯ ಹತ್ತಿರಕ್ಕೆ ತಲೆ ವಾಲಿಸಿದ. ನೆರೆತ ಕೂದಲಿನಲ್ಲಿ ತಗಡಿನ ಪುಡಿ ಹೊಳೆಯುತ್ತಿತ್ತು.

"ಹೇಳು."

"ಕೆಲಸ ಸಿಕ್ತು ಅಣ್ಣ. ಇಡೀ ಪುಸ್ತಕ ನನಗೇ ಕೊಟ್ಟಿದ್ದಾರೆ."

ಅವನು ತಲೆಯಾಡಿಸಿ ನೆಟ್ಟಗೆ ಕೂತ.

"ಕೇಳಿಸ್ತು, ಕೇಳಿಸ್ತು," ಎಂದ ಆಮೇಲೆ, ಬೀದಿಯವರಿಗೆಲ್ಲ ಕೇಳುವ ಹಾಗೆ. "ಅದಕ್ಕೆ ಅಷ್ಟು ಜೋರಾಗಿ ಯಾಕೆ ಹೇಳ್ತೀಯ?"

ಮತ್ತೆ ತನ್ನ ಜಾಗಕ್ಕೆ ಹೋಗಲಿಲ್ಲ. ಕೈ ಚಾಚಿ ಆ ತುದಿಯಿಂದ ತನ್ನ ತಟ್ಟೆಯನ್ನು ಎಳೆದುಕೊಂಡು, ಅಲ್ಲೇ ಊಟಕ್ಕೆ ಕೂತ.